ಜೇನು ತುಂಬಿದ ವ್ಯಾನಿಗೆ ನಾಲ್ಕು ಟೈರು

ಬಿಸಿಲೇರುವ ಮುಂಚೆ ಬೆಟ್ಟದ ಮೇಲಿರಬೇಕೆಂದು ಹೊರಟ ಅತ್ತೆ ಸೊಸೆ ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡದಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಎದುರಿನಿಂದ ಬಂದ ಲಾರಿಗೆ ದಾರಿ ಬಿಡಲು ಸೊಸೆ ವ್ಯಾನನ್ನು ಅಂಚಿಗೆ ತಂದಿದ್ದಳು. ರಸ್ತೆ ರಿಪೇರಿಯವರು ಬದಿಗೆ ಸರಿಸಿಟ್ಟಿದ್ದ ಚಪ್ಪಡಿಕಲ್ಲಿನ ಮೂಲೆ ವ್ಯಾನಿನ ಹಿಂದಿನ ಎಡ ಗಾಲಿಗೆ ತಾಗಿತು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಗೋಣಿಚೀಲ ಹರಿದಂತಾಯಿತು, ಅಷ್ಟೆ. ಇಳಿದು ನೋಡಿದರೆ ಟೈರಿನ ಪಕ್ಕೆ ಅಂಗೈಯಗಲ ಸೀಳಿತ್ತು.

ವ್ಯಾನಿನ ಹಿಂದೆ ಇಪ್ಪತ್ತು ಜೇನುಪೆಟ್ಟಿಗೆಗಳಿದ್ದವು. ಪ್ರತಿ ಪೆಟ್ಟಿಗೆಯ ಬಾಗಿಲಿಗೂ ಜಾಲರಿ ಬಡಿದು, ಎರಡು ಸಾಲಾಗಿ ಒಂದರ ಮೇಲೊಂದು ಪೇರಿಸಿ, ಪಟ್ಟಿಯಿಂದ ಬಿಗಿದಿದ್ದರು. ಕೆಳಗಿನ ತೋಟಗಳಲ್ಲಿ ಹೂವು ಮುಗಿದಿತ್ತು. ಬೆಟ್ಟದ ಮೇಲಿನ ಬಯಲಿನಲ್ಲಿ ಈಗಷ್ಟೇ ಶುರುವಾಗಿತ್ತು. ವರ್ಷಕ್ಕೊಮ್ಮೆ ಹೀಗೆ ಜೇನನ್ನು ಮೇಲಕ್ಕೆ ಸಾಗಿಸುವುದು ಅತ್ತೆಯ ಮನೆತನದ ಕೆಲಸ. ಸಾಗಿಸುವುದೇನೋ ಸುಲಭ, ನಿಲ್ಲಿಸುವುದು ಕಷ್ಟ. ಗಾಡಿ ಓಡುತ್ತಿದ್ದರೆ ಕಿಟಕಿಯ ಗಾಳಿ ಪೆಟ್ಟಿಗೆಗಳ ನಡುವೆ ಆಡುತ್ತದೆ. ಬಿಸಿಲಲ್ಲಿ ನಿಂತರೆ ಒಳಗಿನ ಹುಳುಗಳು ಗಾಬರಿಯಾಗಿ ರೆಕ್ಕೆ ಬಡಿಯುತ್ತವೆ. ಬಡಿದಷ್ಟೂ ಕಾವು, ಕಾವೇರಿದಷ್ಟೂ ಬಡಿತ. ಕೊನೆಗೆ ಮೇಣ ಕರಗಿ, ಅದರಿಂದ ಕಟ್ಟಿದ ಜೇನುರೊಟ್ಟು ಕುಸಿದು, ತಮ್ಮ ಜೇನಿನಲ್ಲೇ ಮುಳುಗಿ ಸಾಯುತ್ತವೆ.

ಮೂವತ್ತು ವರ್ಷ ಈ ದಾರಿಯಲ್ಲಿ ಗಾಡಿ ಓಡಿಸಿದವಳು ಅತ್ತೆ. ಎದುರಿನ ದೀಪಗಳು ಒಡೆದ ಗಾಜಿನ ಹಾಗೆ ಕಾಣತೊಡಗಿದ ಮೇಲೆ ಕಳೆದ ಚಳಿಗಾಲದಲ್ಲಿ ಕೀಲಿಕೈಯನ್ನು ಸೊಸೆಯ ಮುಂದಿಟ್ಟು, "ತಗೋ, ಇನ್ಮೇಲೆ ನಿಂದು" ಅಂದಿದ್ದಳು. ಕೀಲಿಕೈ ಕೊಟ್ಟಳು, ಗಾಡಿ ಕೊಡಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು, ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಿದ್ದಳು. ಅವಳ ಕಾಲಿನ ಕೆಳಗಿನ ಮ್ಯಾಟು ಸವೆದು ತೂತಾಗಿತ್ತು. ಮಗ ಹಿಂದಿನ ದಿನವೇ ಪೆಟ್ಟಿಗೆ ಇಡುವ ಕಬ್ಬಿಣದ ಕಾಲುಗಳನ್ನು ಹೊತ್ತುಕೊಂಡು ಬಾಡಿಗೆ ಗಾಡಿಯಲ್ಲಿ ಮೇಲೆ ಹೋಗಿದ್ದ. ಕೆಳಗೆ ಉಳಿದವರು ಇವರಿಬ್ಬರೇ.

"ಆ ಲಾರಿಯವನಿಗೆ ಅಷ್ಟು ಮರ್ಯಾದೆ ಯಾಕೆ ಕೊಡಬೇಕಿತ್ತು?" ಅಂದಳು ಅತ್ತೆ.

"ಅವನು ಬ್ರೇಕ್ ಹಾಕ್ಲಿಲ್ಲ ಅತ್ತೆ."

"ನಾನಾಗಿದ್ರೆ ಹಾರ್ನ್ ಒತ್ತಿರ್ತಿದ್ದೆ."

ಸೊಸೆ ಸ್ಟೆಪ್ನಿ ಇಳಿಸಿ, ಜಾಕ್ ಕೊಟ್ಟು, ಗಾಲಿ ಬದಲಿಸಿದಳು. ಸ್ಟೆಪ್ನಿ ಅಂದರೆ ಹೆಸರಿಗಷ್ಟೇ. ಉಳಿದ ಮೂರರ ಪಕ್ಕದಲ್ಲಿ ಅದು ದೊಡ್ಡವರ ಸಾಲಿನಲ್ಲಿ ನಿಂತ ಎಳೆಗೂಸಿನ ಹಾಗಿತ್ತು, ತೆಳ್ಳಗೆ, ಗಿಡ್ಡಗೆ. ಬೇರೆ ಗಾಡಿಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಇದು ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹೋಗುವ ವ್ಯಾನು. ನಾಲ್ಕೂ ಒಂದೇ ಅಳತೆಯಲ್ಲಿ ಉರುಳಬೇಕು. ಒಂದು ಗಾಲಿ ಚಿಕ್ಕದಾದರೆ ಅದು ಹೆಚ್ಚು ಸುತ್ತು ಸುತ್ತುತ್ತದೆ. ಮುಂದಿನವೂ ಹಿಂದಿನವೂ ಹೊಂದಾಣಿಕೆ ತಪ್ಪಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತಾಗಿ, ನಡುವೆ ಸಿಕ್ಕ ಗೇರುಪೆಟ್ಟಿಗೆ ತನ್ನಷ್ಟಕ್ಕೆ ಬೇಯುತ್ತದೆ. ಹತ್ತಿರದ ಊರು ಸೇರುವಷ್ಟರಲ್ಲೇ ಕಾಲಡಿಯಿಂದ ಸುಟ್ಟ ಎಣ್ಣೆಯ ವಾಸನೆ ಬರತೊಡಗಿತು. ಸೊಸೆಗೆ ಬಂತು. ಅತ್ತೆಗೂ ಬಂದಿರಬೇಕು, ಆದರೆ ಅವಳ ಗಮನವೆಲ್ಲ ಹಿಂದಕ್ಕಿತ್ತು. ತಲೆ ಓರೆ ಮಾಡಿ ಪೆಟ್ಟಿಗೆಗಳ ಸದ್ದು ಕೇಳುತ್ತಿದ್ದಳು.

"ಇನ್ನೂ ಗುನುಗ್ತಿವೆ," ಅಂದಳು. "ಗುನುಗೋವರೆಗೆ ಭಯ ಇಲ್ಲ. ಕೂಗೋಕೆ ಶುರು ಮಾಡಿದ್ರೆ ನಾವು ಓಡ್ಬೇಕು."

ಟೈರಂಗಡಿ ಊರಿನ ಪೇಟೆಬೀದಿಯ ತುದಿಯಲ್ಲಿತ್ತು. ಪಕ್ಕದಲ್ಲಿ ಬ್ಯಾಟರಿ ಅಂಗಡಿ, ಆಚೆ ಒಂದು ಬೇಕರಿ, ಎದುರಿಗೆ ಔಷಧಿ ಅಂಗಡಿ. ಅಂಗಡಿಯವನು ಆಗಷ್ಟೇ ಶಟರ್ ಎತ್ತಿ, ಟೈರುಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿ ಕಟ್ಟೆಗೆ ಒರಗಿಸುತ್ತಿದ್ದ. ದಪ್ಪ ಮೀಸೆಯ, ಸಿಂಗರಿಸಿದ ಗೂಳಿಯಂಥ ಆಳು. ವ್ಯಾನು ಅಂಗಳಕ್ಕೆ ಬಂದು ನಿಂತಾಗ ಹಲ್ಲುಕಿರಿದು ಹತ್ತಿರ ಬಂದವನು ಹಿಂದಿನ ಕಿಟಕಿಯಲ್ಲಿ ಇಣುಕಿ, ಬಂದಷ್ಟೇ ವೇಗದಲ್ಲಿ ಹಿಂದೆ ಸರಿದ.

"ಒಳಗೇನಿದೆ ಅಕ್ಕ?"

"ಜೇನು."

"ಬಾಟಲೀದಾ?"

"ಬಾಟಲಿ ಗುಂಯ್ ಅನ್ನತ್ತೇನಪ್ಪಾ?" ಅಂದಳು ಅತ್ತೆ ಇಳಿಯುತ್ತಾ. "ಭಯಪಡಬೇಡ, ಎಲ್ಲ ಬಾಗಿಲು ಹಾಕ್ಕೊಂಡಿವೆ. ಬೇಗ ಒಂದು ಟೈರು ಹಾಕು. ಬಿಸಿಲು ಬರ್ತಿದೆ."

ಅಂಗಡಿಯವನು ದೂರದಿಂದಲೇ ಬಗ್ಗಿ ಅಳತೆ ಓದಿದ. ಒಳಗೆ ಹೋದ, ಹೊರಗೆ ಬಂದ. ಅದೇ ಅಳತೆಯ, ಅದೇ ಭಾರ ತಡೆಯುವ ಹೊಸ ಟೈರು ಇದೆ ಅಂದ. ಅತ್ತೆಯ ಮುಖ ಸಡಿಲವಾಯಿತು.

ಸೊಸೆ ಮಾತ್ರ ಮುಂದಿನ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಹೆಬ್ಬೆರಳಿನ ಉಗುರನ್ನು ಟೈರಿನ ಗೀರಿನೊಳಗೆ ಇಳಿಸಿ ನೋಡಿದಳು. ಉಗುರು ಮುಳುಗಲೇ ಇಲ್ಲ. ಹೊಸ ಟೈರಿನ ಗೀರಿನಲ್ಲಿ ಉಗುರು ಮುಳುಗಿ, ಬೆರಳಿನ ತುದಿಯೂ ಒಳಗೆ ಹೋಗುತ್ತಿತ್ತು.

"ಒಂದು ಹಾಕಿದ್ರೆ ಆಗಲ್ಲ ಅತ್ತೆ. ಈ ಮೂರೂ ಸವೆದು ಹೋಗಿವೆ. ಮೂರು ಕಾಲಿಗೆ ಸವೆದ ಚಪ್ಪಲಿ, ಒಂದು ಕಾಲಿಗೆ ಹೊಸ ಬೂಟು ಹಾಕ್ಕೊಂಡು ಬೆಟ್ಟ ಹತ್ತಿದ ಹಾಗೆ. ಈಗಲೇ ವಾಸನೆ ಬರ್ತಿದೆ. ಮೇಲಿನ ತಿರುವಲ್ಲಿ ಗೇರುಪೆಟ್ಟಿಗೆ ಹೋದ್ರೆ ಹಿಂದೆ ಮುಂದೆ ಎಲ್ಲೂ ಹೋಗೋಕಾಗಲ್ಲ."

"ಮತ್ತೆ?"

"ನಾಲ್ಕೂ ಬದಲಿಸ್ಬೇಕು."

ಅತ್ತೆ ಸೊಸೆಯನ್ನು ನೋಡಲಿಲ್ಲ, ಆಕಾಶ ನೋಡಿದಳು. ಔಷಧಿ ಅಂಗಡಿಯ ಮಾಡಿನ ಮೇಲೆ ಬಿಸಿಲು ಇಳಿದು ಬೋರ್ಡಿನವರೆಗೆ ಬಂದಿತ್ತು. "ನಾಲ್ಕು ಹಾಕೋವರೆಗೆ ಇವು ಇರ್ತವಾ?"

ಅಂಗಡಿಯವನು ಇದೇ ಸಮಯವೆಂದು ನಡುವೆ ಬಂದ. "ಅಮ್ಮಾ, ನನ್ನ ಹತ್ರ ಒಂದು ಉಪಾಯ ಇದೆ. ಇದೇ ಕಂಪನಿಯ ಇನ್ನೊಂದು ವ್ಯಾನಿಂದ ಬಿಚ್ಚಿದ ನಾಲ್ಕು ಗಾಲಿ ಇದಾವೆ. ಟೈರು, ರಿಮ್ಮು ಎಲ್ಲ ಜೊತೇಲೇ. ಮೆಷಿನ್ನಿಗೆ ಹಾಕೋದೇ ಬೇಡ. ಹಳೇದು ಬಿಚ್ಚು, ಇದು ಕೂರಿಸು, ಹೊರಡು. ಒಂದು ಚಹಾ ಕುಡಿಯೋದ್ರಲ್ಲಿ ಮುಗೀತದೆ."

ಹಿಂದಿನಿಂದ ಒಂದನ್ನು ಉರುಳಿಸಿಕೊಂಡು ಬಂದ. ನೋಡಲು ಭಾರೀ ಟೈರು. ಮೈತುಂಬ ರಬ್ಬರಿನ ದಪ್ಪ ದಪ್ಪ ಗಟ್ಟಿಗಳು, ನಡುವೆ ಬೆರಳು ಹೋಗುವಷ್ಟು ಆಳದ ಸಂದು. ಕೆಸರನ್ನು ಕಚ್ಚಿ ಹಿಡಿಯಲೆಂದೇ ಹುಟ್ಟಿದಂತಿತ್ತು. ಅತ್ತೆ ಅಂಗೈಯಿಂದ ಅದನ್ನು ತಟ್ಟಿದಳು, ಸಂತೆಯಲ್ಲಿ ಎಮ್ಮೆಯ ಬೆನ್ನು ತಟ್ಟುವಂತೆ.

"ಇದು ಟೈರು ಅಂದ್ರೆ," ಅಂದಳು. "ಇದನ್ನೇ ಹಾಕು."

"ಸ್ವಲ್ಪ ತಡೀರಿ ಅಣ್ಣ," ಅಂದಳು ಸೊಸೆ.

ಟೈರನ್ನು ಬೆಳಕಿಗೆ ತಿರುಗಿಸಿದಳು. ಪಕ್ಕೆಯ ಮೇಲೆ ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿದ್ದವು. ಮೊದಲಿನ ಎರಡಂಕಿ ಟೈರು ತಯಾರಾದ ವಾರ, ಕೊನೆಯ ಎರಡಂಕಿ ವರ್ಷ. ಓದಿ ನೋಡಿದರೆ ಟೈರು ತಯಾರಾಗಿ ಎಂಟು ವರ್ಷವಾಗಿತ್ತು. ಆಮೇಲೆ ಎರಡು ಗಟ್ಟಿಗಳನ್ನು ಬೆರಳಿಂದ ಅಗಲಿಸಿದಳು. ಸಂದಿನ ತಳದಲ್ಲಿ ಬಿರುಕು, ಬೇಸಗೆಯ ಕೆರೆಯ ಮಣ್ಣಿನಲ್ಲಿ ಕಾಣುವಂಥದ್ದು, ಸುತ್ತಲೂ ಹಬ್ಬಿತ್ತು.

"ಇದು ಸತ್ತ ರಬ್ಬರು," ಅಂದಳು.

"ಏನಕ್ಕ ಹೀಗಂತೀರಿ? ಹೆಚ್ಚು ಓಡೇ ಇಲ್ಲ ಇದು. ಶೆಡ್ಡಲ್ಲೇ ಇತ್ತು."

"ಶೆಡ್ಡಲ್ಲೇ ಮುದಿಯಾಗಿದೆ ಅಣ್ಣ. ಈ ಭಾರ ಹೊತ್ತು ಬಿಸಿಲಲ್ಲಿ ಹತ್ತಿದ್ರೆ ಮೇಲಿನ ಚರ್ಮ ಎದ್ದು ಬರತ್ತೆ."

"ಮೊಸರಲ್ಲಿ ಕಲ್ಲು ಹುಡುಕಬೇಡ," ಅಂದಳು ಅತ್ತೆ. ದನಿ ತಗ್ಗಿತ್ತು. ಅವಳ ದನಿ ತಗ್ಗಿದಾಗಲೇ ಮನೆಯವರೆಲ್ಲ ಎಚ್ಚರಾಗುತ್ತಿದ್ದರು. "ಇವತ್ತು ಒಂದು ದಿನ ಮೇಲೆ ಸೇರಿಸ್ಲಿ ಸಾಕು. ನಾಳೆ ಬಿಚ್ಚಿ ಎಸಿ ಬೇಕಾದ್ರೆ. ಇವು ಒಳಗೆ ಬೇಯ್ತಿವೆ, ನಿನಗೆ ಕೇಳಿಸ್ತಿಲ್ವಾ?"

ಸೊಸೆಗೆ ಕೇಳಿಸುತ್ತಿತ್ತು. ಗುನುಗು ಏರಿತ್ತು. ಮುಂಜಾನೆ ಒಂದೇ ಸಮನಿದ್ದ ಸದ್ದಿನಲ್ಲಿ ಈಗ ಒಂದು ಅಂಚು ಮೂಡಿತ್ತು, ತಂತಿ ಬಿಗಿದ ಹಾಗೆ.

"ಅವನನ್ನೇ ಕೇಳೋಣ," ಎಂದು ಅತ್ತೆ ಮಗನಿಗೆ ಫೋನು ಮಾಡಿದಳು. ಬೆಟ್ಟದ ಮೇಲೆ ಸಿಗ್ನಲ್ ಸಿಗುವುದು ಒಂದು ಬಂಡೆಯ ಮೇಲೆ ಮಾತ್ರ. ಅವನು ಆ ಬಂಡೆಯ ಮೇಲಿರಲಿಲ್ಲ. ಎರಡು ಸಲ ಮಾಡಿ, ಫೋನನ್ನು ಜೋಳಿಗೆಗೆ ಹಾಕಿ, ಸೊಸೆಯ ಕಡೆ ನೋಡಿದಳು. ಮದುವೆಯಾಗಿ ಬಂದ ಆರು ವರ್ಷಗಳಲ್ಲಿ ಸೊಸೆ ಅತ್ತೆಯ ಮಾತಿಗೆ ಎದುರಾಡಿರಲಿಲ್ಲ. ಎದುರಾಡುವಂಥದ್ದು ಬಂದಾಗ ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿರುತ್ತಿದ್ದಳು. ಇಲ್ಲಿ ತೊಳೆಯಲು ಪಾತ್ರೆ ಇರಲಿಲ್ಲ.

"ನಾನು ಈ ಹಳೇ ಟೈರು ಹಾಕ್ಕೊಂಡು ನಿಮ್ಮನ್ನ ಕೂರಿಸ್ಕೊಂಡು ಆ ದಾರಿ ಹತ್ತಲ್ಲ ಅತ್ತೆ. ಒಂದು ಹೊಸದು, ಮೂರು ಸವೆದದ್ದು ಹಾಕ್ಕೊಂಡೂ ಹತ್ತಲ್ಲ. ಹೊಸವು ನಾಲ್ಕು ಇದ್ರೆ ಹಾಕಿಸ್ತೀನಿ. ನೀವು ಬೈದ್ರೂ ಸರಿ."

ಅತ್ತೆ ಬೈಯಲಿಲ್ಲ. ಕಟ್ಟೆಯ ಬಳಿಯ ನಲ್ಲಿಗೆ ಹೋಗಿ, ವ್ಯಾನಿನಲ್ಲಿದ್ದ ಗೋಣಿಗಳನ್ನು ನೆನೆಸತೊಡಗಿದಳು. ಅದನ್ನೇ ಒಪ್ಪಿಗೆ ಎಂದುಕೊಳ್ಳಬೇಕೋ ಬೇಡವೋ ಸೊಸೆಗೆ ತಿಳಿಯಲಿಲ್ಲ. ಅಂಗಡಿಯವನ ಕಡೆ ತಿರುಗಿದಳು.

"ಆ ಹೊಸ ಟೈರಿನ ಜೊತೆ ಎಷ್ಟಿವೆ ಅಣ್ಣ?"

ಅದೇ ಜಾತಿಯವು ನಾಲ್ಕಿದ್ದವು. ಗೀರುಗಳು ಆ ಮುದಿ ಟೈರಿನಷ್ಟು ಆಳವಿರಲಿಲ್ಲ, ಮಳೆಗೂ ಒಣನೆಲಕ್ಕೂ ಎರಡಕ್ಕೂ ಆಗುವಂಥವು. ಸೊಸೆ ನಾಲ್ಕರದ್ದೂ ಅಂಕಿ ಓದಿದಳು, ಎಲ್ಲ ಇದೇ ವರ್ಷದವು. "ಹಾಕಿ," ಅಂದಳು.

ಲಿಫ್ಟಿನ ಮೇಲೆ ಜೇನು ತುಂಬಿದ ಗಾಡಿ ಎತ್ತಲು ಅಂಗಡಿಯವನು ಸುತರಾಂ ಒಪ್ಪಲಿಲ್ಲ. ವ್ಯಾನನ್ನು ಅಂಗಳದಲ್ಲೇ, ಬ್ಯಾಟರಿ ಅಂಗಡಿಯ ಗೋಡೆಯ ನೆರಳಿಗೆ ಒತ್ತಿ ನಿಲ್ಲಿಸಿದರು. ಜಾಕಿನಿಂದ ಒಂದೊಂದು ಪಕ್ಕ ಎತ್ತುವುದು, ಗಾಲಿ ಬಿಚ್ಚಿ ಒಳಗೆ ಒಯ್ದು ಮೆಷಿನ್ನಿನಲ್ಲಿ ಟೈರು ಬದಲಿಸುವುದು, ತಂದು ಕೂರಿಸುವುದು. ಸ್ಟೆಪ್ನಿಯ ಜಾಗಕ್ಕೆ ಸೀಳಿದ ಟೈರಿನ ರಿಮ್ಮನ್ನೇ ಹೊಸ ಟೈರು ಹಾಕಿ ಕೂರಿಸುವುದು. ಅತ್ತೆ ಹಿಂದಿನ ಬಾಗಿಲುಗಳನ್ನು ತೆರೆದು ಹಸಿ ಗೋಣಿಗಳನ್ನು ಇಳಿಬಿಟ್ಟಳು. ಕೈಪಂಪಿನಿಂದ ಜಾಲರಿಗಳ ಮೇಲೆ ನೀರು ಚಿಮುಕಿಸಿದಳು. ಸದ್ದು ಕೊಂಚ ಇಳಿಯಿತು.

ಎಡಪಕ್ಕದ ಎರಡು ಮುಗಿದವು. ಬಲಪಕ್ಕಕ್ಕೆ ಜಾಕ್ ಕೊಟ್ಟು ಹಿಂದಿನ ಗಾಲಿ ಬಿಚ್ಚಿ ಒಯ್ದರು. ಆ ಹೊತ್ತಿಗೆ ಬಿಸಿಲು ಗೋಡೆ ದಾಟಿ ವ್ಯಾನಿನ ಮಾಡಿನ ಮೇಲೆ ಬಂದಿತ್ತು. ಅಂಗಡಿಯವನು ಬೇಗ ಮುಗಿಸುವ ಭರದಲ್ಲಿ ಮುಂದಿನ ಗಾಲಿಯನ್ನೂ ಸಡಿಲಿಸೋಣವೆಂದು ಜಾಕನ್ನು ಇನ್ನೆರಡು ಸುತ್ತು ಏರಿಸಿದ. ಗಾಡಿ ಎಡಕ್ಕೆ ವಾಲಿತು. ಒಳಗೆ ಪಟ್ಟಿಯೊಂದರ ಕೊಂಡಿ ಜಾರಿದ ಸದ್ದಾಯಿತು, ಹಿಂದೆಯೇ ಮರಕ್ಕೆ ಮರ ತಾಗಿದ ಸದ್ದು. ಮೇಲಿನ ಸಾಲಿನ ಪೆಟ್ಟಿಗೆಯೊಂದು ಸರಿದು ಬಾಗಿಲ ಚೌಕಟ್ಟಿಗೆ ಬಡಿಯಿತು. ಅದರ ಜಾಲರಿ ಒಂದು ಮೂಲೆಯಲ್ಲಿ ಎದ್ದಿತು.

ಮೊದಲು ಹತ್ತು ಹುಳು ಬಂದವು, ಆಮೇಲೆ ಲೆಕ್ಕವಿಲ್ಲ. ಹಸಿ ಗೋಣಿಯ ಹಿಂದಿನಿಂದ ಹೊಗೆ ಹೊರಟಂತೆ ಹೊರಟು ಅಂಗಳದ ಮೇಲೆ ಗಿರಿಗಿರಿ ಸುತ್ತತೊಡಗಿದವು.

ಅಂಗಡಿಯವನು ಕೈಲಿದ್ದ ಪಾನಾ ಎಸೆದು ಓಡಿದ. ಅಷ್ಟು ದೊಡ್ಡ ದೇಹ ಅಷ್ಟು ಬೇಗ ಓಡಬಲ್ಲದೆಂದು ಅದುವರೆಗೆ ಅವನಿಗೂ ಗೊತ್ತಿರಲಿಕ್ಕಿಲ್ಲ. ಒಳಗೆ ಹೋದವನೇ ಗಾಜಿನ ಬಾಗಿಲು ಎಳೆದುಕೊಂಡ. ಬೇಕರಿಯ ಶಟರ್ ದಡದಡ ಇಳಿಯಿತು. ಔಷಧಿ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ಔಷಧಿ ಬೇಡವೆಂದು ನಡೆದರು.

"ಅಲ್ಲಾಡಬೇಡ," ಅಂದಳು ಅತ್ತೆ.

ಸೊಸೆ ಅಲ್ಲಾಡಲಿಲ್ಲ. ಅವಳ ಕೈ ಜಾಕಿನ ಹತ್ತಿರವೇ ಇತ್ತು. ಮೂರು ಗಾಲಿಯ ಮೇಲೆ, ಓರೆಯಾಗಿ, ಒಂದು ಕಬ್ಬಿಣದ ಕಂಬದ ನಂಬಿಕೆಯಲ್ಲಿ ವ್ಯಾನು ನಿಂತಿತ್ತು. ಅತ್ತೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ನೀರಿನಲ್ಲಿ ಅದ್ದಿ, ಗಾಡಿಯೊಳಗೆ ಹತ್ತಿದಳು. ಓರೆಯಾದ ಗಾಡಿಯೊಳಗೆ!

"ಅತ್ತೆ, ಜಾಕ್ ಜಾರತ್ತೆ. ಇಳೀರಿ."

"ಜಾರಿದ್ರೆ ನೀನು ಹೇಳು, ಇಳೀತೀನಿ."

ಸೊಸೆ ನಿಧಾನಕ್ಕೆ, ಉಸಿರು ಬಿಗಿಹಿಡಿದು, ಅಂಗಡಿಯವನು ಏರಿಸಿದ್ದ ಎರಡು ಸುತ್ತನ್ನು ಇಳಿಸಿದಳು. ಗಾಡಿ ನೆಟ್ಟಗಾಯಿತು. ಕಿವಿಯ ಹಿಂದೆ ಒಂದು ಕುಟುಕಿತು, ಮುಂಗೈಯಲ್ಲಿ ಒಂದು. ಒಳಗೆ ಅತ್ತೆ ಬರಿಗೈಯಲ್ಲಿ ಪೆಟ್ಟಿಗೆಯನ್ನು ಹಿಂದಕ್ಕೆ ಒತ್ತುತ್ತಾ, ಒದ್ದೆ ಬಟ್ಟೆಯನ್ನು ಸಂದಿಗೆ ತುರುಕುತ್ತಾ, ಹುಳುಗಳಿಗೆ ಏನೋ ಹೇಳುತ್ತಿದ್ದಳು. ಮೊಮ್ಮಕ್ಕಳಿಗೆ ಗದರುವಾಗಿನ ದನಿ, ಅಷ್ಟು ಪ್ರೀತಿ, ಅಷ್ಟು ಸಿಟ್ಟು. ಪಟ್ಟಿ ಮತ್ತೆ ಬಿಗಿದು ಕೆಳಗಿಳಿದಾಗ ಅವಳ ಎಡಗಣ್ಣು ಆಗಲೇ ಊದತೊಡಗಿತ್ತು.

"ಗಾಲಿ ತಗೊಂಡ್ಬಾ ಅನ್ನು ಅವನಿಗೆ."

ಅವನು ಬರಲೊಲ್ಲ. ಗಾಜಿನ ಹಿಂದಿನಿಂದ ಕೈಸನ್ನೆ ಮಾಡಿದ. ಕೊನೆಗೆ ಒಪ್ಪಂದವಾದದ್ದು ಹೀಗೆ: ಅವನು ಒಳಗೆ ಟೈರು ಕೂರಿಸಿ ಗಾಳಿ ತುಂಬಿ, ಬಾಗಿಲನ್ನು ಒಂದು ಗೇಣು ತೆರೆದು ಗಾಲಿಯನ್ನು ಹೊರಗೆ ಉರುಳಿಸುವುದು, ಉಳಿದದ್ದೆಲ್ಲ ಸೊಸೆ ಮಾಡುವುದು. ಗಾಲಿ ಅಂಗಳದುದ್ದಕ್ಕೂ ಉರುಳಿ ಬಂತು. ಅವಳು ಹಿಡಿದು, ಎತ್ತಿ, ತೂತಿಗೆ ತೂತು ಹೊಂದಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದಳು. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬೀಸುವಂತಿರಲಿಲ್ಲ. ಕೊನೆಯ ಗಾಲಿಯ ಕೊನೆಯ ನಟ್ಟು ಬಿಗಿಯುವಾಗ ಹಿಂದಿನಿಂದ ಬರುವ ಸದ್ದು ಬದಲಾಗಿದ್ದು ಅವಳಿಗೂ ತಿಳಿಯಿತು. ಅದೀಗ ಗುನುಗಾಗಿರಲಿಲ್ಲ.

"ಕೂಗ್ತಿವೆ," ಅಂದಳು ಅತ್ತೆ. "ನಡಿ."

ದುಡ್ಡನ್ನು ಬಾಗಿಲ ಸಂದಿಯಿಂದಲೇ ಕೊಟ್ಟದ್ದಾಯಿತು. ಅಂಗಡಿಯವನು, "ನಟ್ಟು ಮೇಲೆ ಹೋಗಿ ಇನ್ನೊಂದ್ಸಲ ಬಿಗೀರಿ ಅಕ್ಕ," ಎಂದು ಗಾಜಿನ ಹಿಂದಿನಿಂದ ಕೂಗಿದ.

ಬೆಟ್ಟದ ರಸ್ತೆ ಮೊದಲ ಅರ್ಧ ಸರಿಯಿತ್ತು. ಎಲ್ಲ ಕಿಟಕಿ ಇಳಿಸಿ, ಗಾಡಿ ತಡೆಯಬಲ್ಲಷ್ಟು ವೇಗದಲ್ಲಿ ಓಡಿಸಿದಳು. ಸುಟ್ಟ ವಾಸನೆ ಮತ್ತೆ ಬರಲಿಲ್ಲ. ಆದರೆ ಹಿಂದಿನ ಕೂಗು ನಿಲ್ಲಲಿಲ್ಲ. ಅತ್ತೆ ಒಂದು ಕಣ್ಣು ಮುಚ್ಚಿಹೋಗಿ, ಇನ್ನೊಂದರಲ್ಲಿ ರಸ್ತೆ ನೋಡುತ್ತಾ, ಕಾಲಿನಿಂದ ಮ್ಯಾಟು ಒತ್ತುತ್ತಾ ಕೂತಿದ್ದಳು.

ಅರ್ಧದಾಚೆ ಕಳೆದ ವಾರದ ಮಳೆ ರಸ್ತೆಯನ್ನು ತೊಳೆದು ಹಾಕಿತ್ತು. ಡಾಂಬರು ಎದ್ದುಹೋಗಿ, ಜಲ್ಲಿ ಮತ್ತು ಕೆಸರಿನ ಇಳಿಜಾರು ಉಳಿದಿತ್ತು. ಬಲಕ್ಕೆ ಬೆಟ್ಟದ ಗೋಡೆ, ಎಡಕ್ಕೆ ಏನೂ ಇಲ್ಲ. ಕೆಳಗೆಲ್ಲೋ ನೀರಿನ ಸದ್ದು. ಕಡಿದಾದ ತಿರುವಿನಲ್ಲಿ ಗಾಡಿ ಅರ್ಧ ಹತ್ತಿದಾಗ ಮುಂದಿನ ಗಾಲಿಗಳು ಜಾರಿದವು. ಸ್ಟಿಯರಿಂಗು ಕೈಯಲ್ಲಿ ಹಗುರಾಯಿತು. ಗಾಡಿಯ ಮೂತಿ ಎಡಕ್ಕೆ, ಪ್ರಪಾತದ ಕಡೆಗೆ, ಮೆಲ್ಲಗೆ ತಿರುಗಿತು. ಬ್ರೇಕು ಹಾಕಿದರೆ ಇಪ್ಪತ್ತು ಪೆಟ್ಟಿಗೆಯ ಭಾರ ಹಿಂದಕ್ಕೆ ಎಳೆಯುತ್ತದೆ, ಕಾಲೆತ್ತಿದರೂ ಎಳೆಯುತ್ತದೆ. ಸೊಸೆ ಎರಡೂ ಮಾಡಲಿಲ್ಲ. ಅದೇ ಒತ್ತಿನಲ್ಲಿ ಕಾಲಿಟ್ಟು ಕಾದಳು. ಹಿಂದಿನ ಗಾಲಿಗಳು ಜಲ್ಲಿಯನ್ನು ಅಗೆದವು, ಅಗೆದು ಹಿಡಿದವು, ಗಾಡಿಯನ್ನು ತಳ್ಳಿದವು. ಮೂತಿ ಮತ್ತೆ ರಸ್ತೆಗೆ ಬಂತು. ತಿರುವು ಹಿಂದಾಯಿತು.

ಅತ್ತೆಯ ಬಾಯಿಂದ ಉಸಿರು ಹೊರಬಿದ್ದದ್ದು ಎಂಜಿನ್ನಿನ ಸದ್ದಿನ ನಡುವೆಯೂ ಕೇಳಿಸಿತು.

ಮೇಲಿನ ಬಯಲಿನಲ್ಲಿ ಮಗ ಕಬ್ಬಿಣದ ಕಾಲುಗಳನ್ನು ಸಾಲಾಗಿ ನೆಟ್ಟು, ದಾರಿ ಕಾದು ಕಾದು ಬಸವಳಿದಿದ್ದ. ತಾಯಿಯ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದ. "ಆಮೇಲೆ," ಅಂದಳು ತಾಯಿ. ಮೂವರೂ ಸೇರಿ ಪೆಟ್ಟಿಗೆಗಳನ್ನು ಇಳಿಸಿದರು. ಇಳಿಸುತ್ತಿದ್ದಂತೆ ಜಾಲರಿ ಕಿತ್ತರು. ಒಂದೊಂದರಿಂದಲೂ ಹುಳುಗಳು ಚೆಲ್ಲಿದಂತೆ ಹೊರಬಿದ್ದು, ಗಾಳಿಗೆ ಏರಿ, ಪೆಟ್ಟಿಗೆಯ ಮುಂದೆ ಎಂಟರ ಆಕಾರದಲ್ಲಿ ಹಾರಾಡಿ ಹೊಸ ಜಾಗದ ಗುರುತು ಹಿಡಿಯತೊಡಗಿದವು.

ಕೊನೆಯಲ್ಲಿ ಇಳಿಸಿದ್ದು ಮಾಡಿನ ಕೆಳಗೇ ಇದ್ದ, ಬಿಸಿಲು ಬಿದ್ದ ಬದಿಯ ಮೂರು ಪೆಟ್ಟಿಗೆಗಳು. ಮೊದಲನೆಯದನ್ನು ಎತ್ತುವಾಗಲೇ ಕೆಳಗಿನಿಂದ ಜೇನು ತೊಟ್ಟಿಕ್ಕಿತು. ಅತ್ತೆ ಮುಚ್ಚಳ ತೆಗೆದಳು. ರೊಟ್ಟುಗಳು ಕುಸಿದು ತಳದಲ್ಲಿ ಒಂದೇ ಮುದ್ದೆಯಾಗಿದ್ದವು. ಅದರಲ್ಲಿ ಸಾವಿರಾರು ಹುಳುಗಳು ಒದ್ದೆಯಾಗಿ, ಕಪ್ಪಗೆ, ರೆಕ್ಕೆ ಅಂಟಿಕೊಂಡು ಬಿದ್ದಿದ್ದವು. ಎರಡನೆಯದೂ ಹಾಗೇ. ಮೂರನೆಯದರಲ್ಲಿ ಒಂದು ಮೂಲೆ ಮಾತ್ರ ಮಿಸುಕುತ್ತಿತ್ತು.

ಅತ್ತೆ ಅದರೊಳಗೆ ಮೊಣಕೈವರೆಗೆ ಕೈ ಹಾಕಿ, ಮುದ್ದೆಯನ್ನು ಬಿಡಿಸಿ ಬಿಡಿಸಿ ರಾಣಿಯನ್ನು ಹುಡುಕಿದಳು. ಸಿಕ್ಕಿತು. ಅಂಗೈಯ ಮೇಲಿಟ್ಟು ಊದಿ ನೋಡಿದಳು. ಮಿಸುಕಲಿಲ್ಲ. ಹುಲ್ಲಿನ ಮೇಲೆ ಇಟ್ಟಳು.

ಸೊಸೆ ಅಲ್ಲೇ ನಿಂತಿದ್ದಳು. ಅತ್ತೆ ಏನಾದರೂ ಅನ್ನಲಿ ಎಂದು ಕಾಯುತ್ತಿದ್ದಳು. ಬೈಗುಳವಾದರೂ ಸರಿಯೇ.

ದಾರಿಯಲ್ಲಿ ಟೈರೊಂದು ಸೀಳಿದ್ದನ್ನು ಪೆಟ್ಟಿಗೆ ಇಳಿಸುವಾಗ ತಿಳಿದಿದ್ದ ಗಂಡ ವ್ಯಾನಿನ ಸುತ್ತ ಒಂದು ಸುತ್ತು ಬಂದ. ಹೊಸ ಟೈರುಗಳ ಸಣ್ಣ ರಬ್ಬರು ಮುಳ್ಳುಗಳು ಕೆಸರಿನ ನಡುವೆಯೂ ಕಾಣುತ್ತಿದ್ದವು. "ನಾಲ್ಕೂ ಬದಲಾಯಿಸಿದ್ರಾ? ಅದಕ್ಕೇನಾ ಇಷ್ಟು ಹೊತ್ತಾಗಿದ್ದು? ಒಂದು ಹಾಕ್ಕೊಂಡು ಬಂದಿದ್ರೆ ಈ ಮೂರು ಜೇನುಕುಟುಂಬ ಉಳೀತಿತ್ತಲ್ಲ. ಯಾರು ಹೇಳಿದ್ದು ನಾಲ್ಕು ಅಂತ?"

ಸೊಸೆ ಬಾಯಿ ತೆರೆಯುವ ಮೊದಲು ಅತ್ತೆ ಮಾತಾಡಿದಳು. ತಲೆ ಎತ್ತಲಿಲ್ಲ.

"ನಾನಾಗಿದ್ರೆ ಒಂದೇ ಹಾಕಿಸ್ತಿದ್ದೆ. ಅವಳು ನಾಲ್ಕು ಅಂದ್ಲು. ಗಾಡಿ ಓಡ್ಸೋದು ಅವಳು. ನೀನು ಆ ಕಡಿದಾದ ತಿರುವಿನವರೆಗೆ ನಡ್ಕೊಂಡು ಹೋಗಿ ಗಾಲಿ ಗುರುತು ನೋಡ್ಬಾ, ಆಮೇಲೆ ಕೇಳು."

ಗಂಡ ಹೋಗಲಿಲ್ಲ, ಆದರೆ ಮತ್ತೆ ಕೇಳಲೂ ಇಲ್ಲ. ಸತ್ತ ಪೆಟ್ಟಿಗೆಗಳನ್ನು ತೊಳೆಯಲು ನೀರು ತರಲು ಹೊರಟ.

ಅವನು ಮರೆಯಾದ ಮೇಲೆ ಸೊಸೆ ಅತ್ತೆಯ ಎದುರು ಕೂತಳು. "ಒಂದೇ ಹಾಕಿಸಿದ್ರೆ ಇವು ಬದುಕ್ತಿದ್ವಾ ಅತ್ತೆ?"

"ಬದುಕ್ತಿದ್ವು," ಅಂದಳು ಅತ್ತೆ. ತಡವರಿಸಲಿಲ್ಲ. ಆಮೇಲೆ ಜೇನು ಮೆತ್ತಿದ ಕೈಯನ್ನು ಹುಲ್ಲಿಗೆ ಒರೆಸುತ್ತಾ, "ಮೇಲೆ ಬಂದಿದ್ರೆ," ಎಂದು ಸೇರಿಸಿದಳು. "ಬರ್ತಿದ್ವೋ ಇಲ್ವೋ ಯಾರಿಗೆ ಗೊತ್ತು? ಒಂದೇ ದಿನಾನ ಎರಡು ಸಲ ನಡೆಸಿ ನೋಡೋಕಾಗಲ್ಲ."

"ಕ್ಷಮಿಸಿ ಅತ್ತೆ."

"ಯಾಕೆ? ನಾಳೆ ಆ ಅಂಗಡಿಗೆ ಹೋದ್ರೆ ಬೇರೆ ಟೈರು ಹಾಕಿಸ್ತೀಯಾ?"

ಸೊಸೆ ಯೋಚಿಸಿದಳು. ಸುಳ್ಳು ಹೇಳುವುದು ಸುಲಭವಿತ್ತು. "ಇಲ್ಲ. ಅವನ್ನೇ ಹಾಕಿಸ್ತೀನಿ."

"ಮತ್ತೆ ಕ್ಷಮೆ ಯಾಕೆ?" ಅತ್ತೆಯ ದನಿಯಲ್ಲಿ ನಗು ಇರಲಿಲ್ಲ, ಮುನಿಸೂ ಪೂರ್ತಿ ಹೋಗಿರಲಿಲ್ಲ. "ನನಗೆ ಹೊಟ್ಟೆ ಉರೀತಿದೆ. ಎರಡು ದಿನ ಉರಿಯತ್ತೆ. ನೀನು ಸುಮ್ಮನಿರು."

ಮೂರನೆಯ ಪೆಟ್ಟಿಗೆಯ ಮೂಲೆಯಲ್ಲಿ ಉಳಿದ ಹಿಡಿಯಷ್ಟು ಹುಳುಗಳಿಗೆ ರಾಣಿ ಇರಲಿಲ್ಲ. ಅವನ್ನು ಹಾಗೇ ಬಿಟ್ಟರೆ ಸಂಜೆಗೆ ಇರುವೆಯ ಪಾಲು, ನೇರ ಬೇರೆ ಗೂಡಿಗೆ ಸುರಿದರೆ ಅಲ್ಲಿಯವು ಕೊಂದುಹಾಕುತ್ತವೆ. ಅತ್ತೆ ಒಂದು ಗಟ್ಟಿ ಕುಟುಂಬದ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಮೇಲೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಸೂಜಿಯಿಂದ ಅಲ್ಲಲ್ಲಿ ಚುಚ್ಚಿದಳು. ಸೊಸೆ ಖಾಲಿ ಪೆಟ್ಟಿಗೆಯೊಂದನ್ನು ಅದರ ಮೇಲೆ ಕೂರಿಸಿದಳು. ಉಳಿದ ಹುಳುಗಳನ್ನು ರೊಟ್ಟಿನ ಚೂರಿನ ಸಮೇತ ಅದರೊಳಗೆ ಇಳಿಸಿ ಮುಚ್ಚಿದರು. ಎರಡೂ ಕಡೆಯವು ಕಾಗದವನ್ನು ಕಡಿಯುತ್ತಾ ಕಡಿಯುತ್ತಾ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗಿ, ಕಾಗದ ಹರಿಯುವ ಹೊತ್ತಿಗೆ ಜಗಳ ಮರೆತಿರುತ್ತವೆ. ಎಲ್ಲ ಸಲವೂ ಅಲ್ಲ. ಬಹಳ ಸಲ.

ಸೊಸೆ ಪಾನಾ ತೆಗೆದುಕೊಂಡು ನಾಲ್ಕು ಗಾಲಿಯ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿದಳು. ಒಂದೆರಡು ಕಾಲು ಸುತ್ತು ತಿರುಗಿದವು. ಎದ್ದು ನಿಂತಾಗ ಅತ್ತೆ ವ್ಯಾನಿನ ಹಿಂದೆ ನಿಂತು ಪಟ್ಟಿಗಳನ್ನು ಸುರುಳಿ ಸುತ್ತುತ್ತಿದ್ದಳು. ಊದಿದ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡಿದ್ದಳು.

"ಕೆಳಗೆ ಇನ್ನೂ ಹದಿನೈದು ಪೆಟ್ಟಿಗೆ ಇವೆ," ಅಂದಳು. "ನಾಳೆ ತರಬೇಕು. ಎಷ್ಟೊತ್ತಿಗೆ ಹೊರಡೋಣ?"

ಹೊರಡುವ ಹೊತ್ತನ್ನು ಅತ್ತೆ ಇದುವರೆಗೆ ಹೇಳುತ್ತಿದ್ದಳು, ಕೇಳುತ್ತಿರಲಿಲ್ಲ. ಸೊಸೆ ಪಾನಾವನ್ನು ಸೀಟಿನ ಕೆಳಗಿಟ್ಟು, ದಾರಿಯನ್ನು ಮನಸ್ಸಿನಲ್ಲೇ ಒಮ್ಮೆ ಇಳಿದು, ಒಮ್ಮೆ ಹತ್ತಿ ಬಂದಳು.

"ಇವತ್ತೇ ಇಳಿಯೋಣ," ಅಂದಳು. "ಸಂಜೆ ತಂಪಾದ ಮೇಲೆ ಪೆಟ್ಟಿಗೆ ತುಂಬಿಟ್ಟು, ಕತ್ತಲಿರೋವಾಗ್ಲೇ ಹೊರಡೋಣ. ಮೇಲಿನ ಸಾಲು ಬೇಡ. ಒಂದೇ ಸಾಲು ಹಾಕಿ, ಎರಡು ಸಲ ಬರೋಣ."

"ಎರಡು ಸಲ," ಅಂದಳು ಅತ್ತೆ, ಆ ಮಾತನ್ನು ತೂಗಿ ನೋಡುವವಳಂತೆ. ಆಮೇಲೆ ಪಟ್ಟಿಯ ಸುರುಳಿಯನ್ನು ಗಾಡಿಯೊಳಗೆ ಎಸೆದು, ಮಗನನ್ನು ಕೂಗಿ ಊಟಕ್ಕೆ ಕರೆದಳು.